ನೆಟ್ ಜೀರೋ ಇಸವಿ ಬಿಟ್ಟು ಬೇರೆ ಏನನ್ನು ಗುರಿಯಾಗಿ ಇಟ್ಟುಕೊಳ್ಳಬಹುದು? ಲೆಕ್ಕ ಸಮೇತ ಹೇಳಿ

ಬಯಲುಸೀಮೆ (ಪ್ರಶ್ನೆ)

ಹವಾಮಾನ ನೀತಿ ಅಂದರೆ ಮಾತು ಶುರುವಾಗುವುದೇ ಒಂದು ಇಸವಿಯಿಂದ, ಅಂದರೆ ದೇಶ ಗಾಳಿಗೆ ಬಿಡುವ ಇಂಗಾಲವೂ ಹೀರಿ ತೆಗೆಯುವ ಇಂಗಾಲವೂ ಸಮವಾಗುವ (ನೆಟ್ ಜೀರೋ) ವರ್ಷದಿಂದ. ಬ್ರಿಟನ್‌ಗೆ 2050, ಚೀನಾಕ್ಕೆ 2060, ನಮಗೆ 2070. 1997ರಲ್ಲಿ ಕ್ಯೋಟೊದಲ್ಲಿ ಶ್ರೀಮಂತ ದೇಶಗಳು 2008–12ರ ಹೊತ್ತಿಗೆ ಹೊರಸೂಸುವಿಕೆಯನ್ನು 1990ರ ಮಟ್ಟಕ್ಕಿಂತ ಸರಾಸರಿ 5.2% ಇಳಿಸುತ್ತೇವೆ ಅಂದವು. 6% ಇಳಿಸುತ್ತೇನೆ ಎಂದು ಸಹಿ ಹಾಕಿದ್ದ ಕೆನಡಾ, ಆಗದ ಮಾತು ಅಂತ ಗೊತ್ತಾದ ಮೇಲೆ 2011ರಲ್ಲಿ ಒಪ್ಪಂದದಿಂದಲೇ ಎದ್ದು ಹೋಯಿತು. 2009ರ ಕೋಪನ್‌ಹೇಗನ್ ಸಭೆ ಎಡವಿದ ಮೇಲೆ ಒಂದು ವಾದ ಗಟ್ಟಿಯಾಗಿ ಕೇಳಿಸತೊಡಗಿತು: ಟನ್ ಲೆಕ್ಕದ ಗುರಿಗಳನ್ನು ಪಕ್ಕಕ್ಕಿಡಿ, ಶುದ್ಧ ಇಂಧನವನ್ನು ಅಗ್ಗ ಮಾಡಿ, ಜನಕ್ಕೆ ಇವತ್ತೇ ಲಾಭ ಕಾಣುವ ಕೆಲಸ ಹಿಡಿಯಿರಿ, ಇಂಗಾಲ ತಾನಾಗಿ ಇಳಿಯುತ್ತದೆ.

ಈ ವಾದ ಕೇಳಲು ಚೆನ್ನಾಗಿದೆ. ಆದರೆ ಗುರಿ ಬಿಟ್ಟರೆ ಕೈಯಲ್ಲಿ ಉಳಿಯುವುದೇನು, ಯಾವುದನ್ನು ಅಳೆಯಬೇಕು, ಎಲ್ಲಿ ಕೆಡುತ್ತದೆ? ಭಾರತದ, ಸಾಧ್ಯವಾದರೆ ಕರ್ನಾಟಕದ ಉದಾಹರಣೆ ಕೊಡಿ. "ಗಿಡ ನೆಡಿ, ಲೈಟ್ ಆರಿಸಿ" ಮಾದರಿಯ ಉತ್ತರ ದಯವಿಟ್ಟು ಬೇಡ.

ಲೆಕ್ಕದಮೇಷ್ಟ್ರು

ಮೊದಲು ಗುಣಾಕಾರ. ಜಪಾನಿನ ಯೋಯಿಚಿ ಕಾಯಾ ಕೊಟ್ಟ ಸೂತ್ರ ಇದು: ಒಟ್ಟು ಹೊರಸೂಸುವಿಕೆ = ಜನಸಂಖ್ಯೆ × ತಲಾ ಜಿಡಿಪಿ × ಒಂದು ರೂಪಾಯಿ ಜಿಡಿಪಿಗೆ ತಗಲುವ ಇಂಧನ × ಅಷ್ಟು ಇಂಧನದಿಂದ ಹೊರಬೀಳುವ ಇಂಗಾಲ. ಮೊದಲಿನ ಎರಡಕ್ಕೆ ಯಾವ ಸರ್ಕಾರವೂ ಕೈ ಹಾಕುವುದಿಲ್ಲ, ಹಾಕಲೂಬಾರದು. ಹಾಗಾಗಿ ನೀತಿ ಅನ್ನುವುದೆಲ್ಲ ಕೊನೆಯ ಎರಡರಲ್ಲೇ ಇದೆ. ಒಂದು ದಕ್ಷತೆ, ಇನ್ನೊಂದು ಇಂಧನದ ಶುದ್ಧತೆ.

ಈಗ ನಮ್ಮ ಗುರಿ ನೋಡಿ. 2005ಕ್ಕೆ ಹೋಲಿಸಿದರೆ 2030ರೊಳಗೆ ಜಿಡಿಪಿಯ ಇಂಗಾಲ ತೀವ್ರತೆಯನ್ನು (ಒಂದು ರೂಪಾಯಿ ಜಿಡಿಪಿಗೆ ಹೊರಬೀಳುವ ಇಂಗಾಲ) 45% ಇಳಿಸುವುದು. 25 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 2.4%. ಸರ್ಕಾರವೇ ವಿಶ್ವಸಂಸ್ಥೆಗೆ ಕೊಟ್ಟ ವರದಿ ಪ್ರಕಾರ 2020ರ ಹೊತ್ತಿಗೇ 36% ಇಳಿದಿತ್ತು, ಅಂದರೆ ವರ್ಷಕ್ಕೆ ಸುಮಾರು 2.9%. 2005ರದ್ದು 100 ಅಂತಿಟ್ಟುಕೊಂಡರೆ, 64ರಿಂದ 55ಕ್ಕೆ ಬರಲು ಉಳಿದ ಹತ್ತು ವರ್ಷದಲ್ಲಿ ಬೇಕಾದದ್ದು ವರ್ಷಕ್ಕೆ ಬರೀ 1.5%. ಗುರಿ ಕೇಳುತ್ತಿರುವುದು ಆಗಲೇ ಇದ್ದ ವೇಗದ ಅರ್ಧದಷ್ಟು!

ಜಿಡಿಪಿ ವರ್ಷಕ್ಕೆ 6.5% ಬೆಳೆಯುತ್ತದೆ ಅಂತಿಟ್ಟುಕೊಳ್ಳಿ. ತೀವ್ರತೆ 1.5% ಇಳಿದರೆ ಒಟ್ಟು ಹೊರಸೂಸುವಿಕೆ ವರ್ಷಕ್ಕೆ 4.9% ಏರುತ್ತದೆ, 2.9% ಇಳಿದರೂ 3.4% ಏರುತ್ತದೆ. ಏರದೆ ನಿಂತಲ್ಲೇ ನಿಲ್ಲಬೇಕಾದರೆ ವರ್ಷಕ್ಕೆ 6.1% ಇಳಿಯಬೇಕು. ಆ ವೇಗವನ್ನು ದಶಕಗಟ್ಟಲೆ ಉಳಿಸಿಕೊಂಡ ದೊಡ್ಡ ಆರ್ಥಿಕತೆ ಇಲ್ಲ. 2070 ಅನ್ನುವ ಸಂಖ್ಯೆ ಇದ್ಯಾವುದನ್ನೂ ಹೇಳುವುದಿಲ್ಲ.

ಇನ್ನೊಂದು ಗುರಿಯ ಕಥೆಯೂ ಇಷ್ಟೇ. ಸ್ಥಾಪಿತ ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧ ಪಾಲು ಪಳೆಯುಳಿಕೆಯೇತರ ಮೂಲದ್ದಾಗಬೇಕು ಎಂಬುದನ್ನು 2025ರ ಜೂನ್‌ನಲ್ಲೇ, ಐದು ವರ್ಷ ಮೊದಲೇ ಮುಟ್ಟಿದೆವು. ಆದರೆ ಉತ್ಪಾದನೆಯಾಗುವ ಯೂನಿಟ್‌ಗಳಲ್ಲಿ ಕಲ್ಲಿದ್ದಲಿನ ಪಾಲು ಇನ್ನೂ 70%ರ ಆಸುಪಾಸಿನಲ್ಲಿದೆ. ಕಾರಣ ಸರಳ. 1 ಮೆಗಾವಾಟ್ ಸೋಲಾರ್ ನಮ್ಮ ಬಿಸಿಲಿಗೆ ವರ್ಷಕ್ಕೆ ಹೆಚ್ಚುಕಡಿಮೆ 16 ಲಕ್ಷ ಯೂನಿಟ್ ಕೊಡುತ್ತದೆ. 1 ಮೆಗಾವಾಟ್ ಕಲ್ಲಿದ್ದಲು ಘಟಕ 70% ಓಡಿದರೆ 61 ಲಕ್ಷ. ಮೆಗಾವಾಟ್ ಎಣಿಸುವುದು ಯೂನಿಟ್ ಎಣಿಸಿದಂತಲ್ಲ.

ನನ್ನ ಉತ್ತರ: ಅಳೆಯಬೇಕಾದದ್ದು ಎರಡು. ಕೊನೆಯ ಎರಡು ಅಂಶಗಳ ವಾರ್ಷಿಕ ಇಳಿಕೆ, ಮತ್ತು ಬಿಸಿಲು ಇಳಿದ ಮೇಲೆ, ಸಂಜೆ 6ರಿಂದ 10ರವರೆಗೆ ಒಂದು ಶುದ್ಧ ಯೂನಿಟ್ ಏನು ಬೆಲೆಗೆ ಸಿಗುತ್ತದೆ ಎಂಬುದು. ಎರಡನೆಯದು ಕಲ್ಲಿದ್ದಲಿಗಿಂತ ಕೆಳಗೆ ಬಂದ ದಿನ ಯಾರೂ ಯಾರಿಗೂ ಗುರಿ ಹೇಳಿಕೊಡಬೇಕಾಗಿಲ್ಲ.

ತುಂಗೆದಡ

ಮೇಷ್ಟ್ರ ಲೆಕ್ಕ ಸರಿ. ಬೆಲೆ ಇಳಿಸುವುದು ಹೇಗೆ ಅನ್ನುವುದಕ್ಕೆ ನಮ್ಮದೇ ಒಳ್ಳೆಯ ಉದಾಹರಣೆ ಎಲ್‌ಇಡಿ ಬಲ್ಬು. 2015ರ ಜನವರಿಯಲ್ಲಿ ಶುರುವಾದ ಉಜಾಲಾ, ಕರ್ನಾಟಕದಲ್ಲಿ "ಹೊಸ ಬೆಳಕು". ಅಲ್ಲಿ ಟನ್ ಲೆಕ್ಕದ ಗುರಿಗೆ ಕೆಲಸವೇ ಇರಲಿಲ್ಲ. ಇಇಎಸ್‌ಎಲ್ ಎಂಬ ಸರ್ಕಾರಿ ಕಂಪನಿ ರಾಜ್ಯಗಳ ಬೇಡಿಕೆಯನ್ನೆಲ್ಲ ಒಂದೇ ಟೆಂಡರ್‌ಗೆ ಕಟ್ಟಿತು, ಒಂದೇ ವಿವರಣೆಯ ಬಲ್ಬು ಕೇಳಿತು, ಕೆಟ್ಟರೆ ಬದಲಿ ಕೊಡುವ ಷರತ್ತು ಹಾಕಿತು. 2014ರಲ್ಲಿ 310 ರೂಪಾಯಿ ಇದ್ದ ಖರೀದಿ ಬೆಲೆ 2016ರ ಹೊತ್ತಿಗೆ 38ಕ್ಕೆ ಬಂತು. ಹಂಚಿದ್ದು 36 ಕೋಟಿಗೂ ಹೆಚ್ಚು. 60 ವಾಟ್ ಬಲ್ಬಿನ ಜಾಗದಲ್ಲಿ 9 ವಾಟ್, ಕೊಂಡವನಿಗೆ ಮುಂದಿನ ಬಿಲ್ಲಿನಲ್ಲೇ ಲಾಭ.

ಕೆಟ್ಟದ್ದೆಲ್ಲಿ? ಬೆಲೆ ಇಷ್ಟು ಬಿದ್ದ ಮೇಲೆ ಪೇಟೆಗೆ ಬಿಐಎಸ್ ಗುರುತಿಲ್ಲದ ಮಾಲು ನುಗ್ಗಿತು. ಎಲ್‌ಇಡಿ ಚಿಪ್ ಅಷ್ಟು ಬೇಗ ಸಾಯುವುದಿಲ್ಲ. ಸಾಯುವುದು ಒಳಗಿನ ಡ್ರೈವರ್ (ಚಿಪ್‌ಗೆ ಹದವಾಗಿ ಕರೆಂಟು ಕೊಡುವ ಸರ್ಕ್ಯೂಟ್), ಅದರಲ್ಲೂ ಕೆಪಾಸಿಟರ್. ವೋಲ್ಟೇಜ್ ಏರಿಳಿತ ಇರುವ ಹಳ್ಳಿ ಲೈನಿನಲ್ಲಿ ಅಗ್ಗದ ಡ್ರೈವರ್ ಬಾಳುವುದಿಲ್ಲ. ಹಾಗಾಗಿ ಟೆಂಡರಿನಲ್ಲಿ ಬೆಲೆಗಿಂತ ಮುಖ್ಯವಾದ ಸಾಲು ಸರ್ಜ್ (ವೋಲ್ಟೇಜ್ ದಿಢೀರ್ ಏರುವುದು) ತಾಳಿಕೆಯದ್ದು.

ಇದೇ ಉಪಾಯ ಈಗ ಸೀಲಿಂಗ್ ಫ್ಯಾನಿಗೆ ಬೇಕು. ಹಳೆಯದು 75 ವಾಟ್, ಹೊಸ ಮಾದರಿ ಮೋಟಾರಿನ ಬಿಎಲ್‌ಡಿಸಿ 28ರಿಂದ 32. ದಿನಕ್ಕೆ 12 ಗಂಟೆ, ವರ್ಷಕ್ಕೆ 300 ದಿನ ಓಡಿದರೆ ಒಂದು ಫ್ಯಾನಿಗೆ 160 ಯೂನಿಟ್ ಉಳಿತಾಯ. ಯೂನಿಟ್‌ಗೆ 6 ರೂಪಾಯಿ ಹಿಡಿದರೆ 960 ರೂಪಾಯಿ. ಹೆಚ್ಚುವರಿ ಬೆಲೆ ಎರಡು ವರ್ಷದೊಳಗೆ ವಾಪಸ್. ತೊಡಕು ಒಂದೇ: ಒಳಗಿನ ಕಾರ್ಡ್ ಸುಟ್ಟರೆ ಊರಿನ ಎಲೆಕ್ಟ್ರಿಷಿಯನ್ ಕೈಯಲ್ಲಿ ರಿಪೇರಿ ಆಗುವುದಿಲ್ಲ. ಎಲ್ಲ ಕಂಪನಿಗೂ ಹೊಂದುವ ಒಂದೇ ಮಾದರಿಯ ಕಾರ್ಡ್ ಕಡ್ಡಾಯ ಮಾಡಿದರೆ ಸ್ಟಾರ್ ಲೇಬಲ್ ಕಡ್ಡಾಯ ಮಾಡಿದ್ದಕ್ಕಿಂತ ಹೆಚ್ಚು ಉಪಯೋಗ.

ಇನ್ನು ತೆರಿಗೆ. "ಸಣ್ಣ ಇಂಗಾಲ ತೆರಿಗೆ ಹಾಕಿ, ಹಣವನ್ನು ಸಂಶೋಧನೆಗೆ ಕೊಡಿ" ಎಂಬುದು ಈ ವಾದದವರ ಇನ್ನೊಂದು ಸಲಹೆ. ನಾವು ಅದನ್ನೂ ಮಾಡಿ ನೋಡಿದ್ದೇವೆ, ಆದರೆ ಅರ್ಧಂಬರ್ಧ. 2010ರಲ್ಲಿ ಕಲ್ಲಿದ್ದಲಿಗೆ ಟನ್‌ಗೆ 50 ರೂಪಾಯಿ ಸೆಸ್ ಹಾಕಿದರು, 2016ಕ್ಕೆ ಅದು 400 ಆಯಿತು. ಒಂದು ಯೂನಿಟ್ ಕರೆಂಟಿಗೆ ಸುಮಾರು 650 ಗ್ರಾಂ ಕಲ್ಲಿದ್ದಲು ಬೇಕು, ಅಂದರೆ ಯೂನಿಟ್‌ಗೆ 26 ಪೈಸೆ. ಯಾರಿಗೂ ಶಾಕ್ ಹೊಡೆಯಲಿಲ್ಲ. ವರ್ಷಕ್ಕೆ 100 ಕೋಟಿ ಟನ್ ಲೆಕ್ಕದಲ್ಲಿ 40,000 ಕೋಟಿ ರೂಪಾಯಿ ಬರುವ ತೆರಿಗೆ. ಆದರೆ 2017ರಲ್ಲಿ ಜಿಎಸ್‌ಟಿ ಬಂದಾಗ ಈ ಹಣ ರಾಜ್ಯಗಳ ನಷ್ಟ ಪರಿಹಾರದ ಖಾತೆಗೆ ಹೋಯಿತು. ಶುದ್ಧ ಇಂಧನಕ್ಕೆ ಅಂತ ಎತ್ತಿದ ದುಡ್ಡು ಹೀಗೆ ದಾರಿ ತಪ್ಪಿತು.

2025ರ ಸೆಪ್ಟೆಂಬರ್‌ನಲ್ಲಿ ಆ 400 ತೆಗೆದು, 5% ಇದ್ದ ಜಿಎಸ್‌ಟಿಯನ್ನು 18% ಮಾಡಿದರು. ಇದರ ಪರಿಣಾಮ ಹೆಚ್ಚು ಜನ ಗಮನಿಸಿಲ್ಲ. ಟನ್‌ಗೆ 1,500 ರೂಪಾಯಿಯ ಕಳಪೆ ಕಲ್ಲಿದ್ದಲಿಗೆ ಮೊದಲು 75 + 400 = 475 ತೆರಿಗೆ, ಈಗ 270. 4,000ದ ಒಳ್ಳೆಯ ಕಲ್ಲಿದ್ದಲಿಗೆ ಮೊದಲು 600, ಈಗ 720. ಸುಮಾರು 3,080 ರೂಪಾಯಿಗಿಂತ ಅಗ್ಗದ, ಬೂದಿ ಹೆಚ್ಚಿರುವ ಮಾಲಿಗೆ ತೆರಿಗೆ ಇಳಿಯಿತು, ಶುದ್ಧವಾಗಿ ಉರಿಯುವುದಕ್ಕೆ ಏರಿತು. ಕರೆಂಟು ಜಿಎಸ್‌ಟಿ ಹೊರಗೆ ಇರುವುದರಿಂದ ಈ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ (ಕಟ್ಟಿದ ತೆರಿಗೆಯನ್ನು ಮುಂದೆ ಕಟ್ಟುವುದರಲ್ಲಿ ಕಳೆದುಕೊಳ್ಳುವ ಅವಕಾಶ) ಕೂಡ ಸಿಗುವುದಿಲ್ಲ, ನೇರ ವಿದ್ಯುತ್ ವೆಚ್ಚದಲ್ಲಿ ಕೂರುತ್ತದೆ. 2070ರ ಗುರಿಗೆ ಇದರಿಂದ ಕೂದಲೂ ಕೊಂಕಲಿಲ್ಲ ನೋಡಿ. ಇಸವಿ ಇಟ್ಟುಕೊಂಡು ದರವನ್ನು ಮರೆತರೆ ಹೀಗೇ.

ಥೇಮ್ಸ್‌ಕನ್ನಡಿಗ

ಗುರಿಯನ್ನು ಇಷ್ಟು ಹಗುರವಾಗಿ ತಳ್ಳಿಹಾಕಬೇಡಿ. ಬ್ರಿಟನ್ನಿನಲ್ಲಿ 2012ರಲ್ಲಿ ಸುಮಾರು 40% ವಿದ್ಯುತ್ ಕಲ್ಲಿದ್ದಲಿನಿಂದ ಬರುತ್ತಿತ್ತು. 2024ರ ಸೆಪ್ಟೆಂಬರ್ 30ರಂದು ರಾಟ್‌ಕ್ಲಿಫ್ ಘಟಕ ಮುಚ್ಚಿತು, ಅಲ್ಲಿಗೆ ಸೊನ್ನೆ. 2008ರ ಹವಾಮಾನ ಕಾಯ್ದೆ ಇಲ್ಲದಿದ್ದರೆ ಇದು ಆಗುತ್ತಿತ್ತೇ? ಆ ಕಾಯ್ದೆ ಐದೈದು ವರ್ಷದ ಇಂಗಾಲ ಬಜೆಟ್ ಕಡ್ಡಾಯ ಮಾಡಿತು, ಸರ್ಕಾರವನ್ನು ಪ್ರತಿ ವರ್ಷ ಪ್ರಶ್ನಿಸುವ ಸ್ವತಂತ್ರ ಸಮಿತಿ ಕೊಟ್ಟಿತು. 2022ರಲ್ಲೂ 2024ರಲ್ಲೂ ಹೈಕೋರ್ಟ್ ಸರ್ಕಾರದ ಯೋಜನೆಯನ್ನು ಕಾನೂನಿಗೆ ಹೊಂದುವುದಿಲ್ಲ ಎಂದಿತು. ಕ್ಯೋಟೊದಲ್ಲಿ ಇಲ್ಲದ ಹಲ್ಲು ಇಲ್ಲಿದೆ.

ಹಾಗಂತ ಕಲ್ಲಿದ್ದಲನ್ನು ನೇರವಾಗಿ ಓಡಿಸಿದ್ದು ಗುರಿಯೇ ಅಂತ ಹೇಳುತ್ತಿಲ್ಲ. ಇಂಗಾಲಕ್ಕೆ ಕನಿಷ್ಠ ಬೆಲೆ ಕಟ್ಟಲು 2013ರಲ್ಲಿ ತಂದ ಹೆಚ್ಚುವರಿ ತೆರಿಗೆ 2015ಕ್ಕೆ ಟನ್‌ಗೆ 18 ಪೌಂಡ್ ಆಯಿತು, ಐರೋಪ್ಯ ಒಕ್ಕೂಟದ ಗಂಧಕ ನಿಯಮ ಹಳೆಯ ಘಟಕಗಳನ್ನು ಮುಚ್ಚಿಸಿತು, ಸಮುದ್ರದ ಗಾಳಿ ವಿದ್ಯುತ್ತಿಗೆ 15 ವರ್ಷದ ಖಾತ್ರಿ ದರದ ಒಪ್ಪಂದ ಸಿಕ್ಕಿತು. ಆ ಒಪ್ಪಂದ ಹಂಚುವ ಹರಾಜಿನಲ್ಲಿ ದರ 2015ರಲ್ಲಿ ಮೆಗಾವಾಟ್ ಗಂಟೆಗೆ 114–120 ಪೌಂಡ್, 2022ರಲ್ಲಿ 37.35 (ಎರಡೂ 2012ರ ಬೆಲೆಯಲ್ಲಿ). ಗುರಿ ಇದ್ದದ್ದರಿಂದ ಸರ್ಕಾರ ಬದಲಾದರೂ ಹರಾಜು ನಿಲ್ಲುವುದಿಲ್ಲ ಎಂಬ ಭರವಸೆ ಬ್ಯಾಂಕುಗಳಿಗೆ ಇತ್ತು. ಬಡ್ಡಿ ಕಡಿಮೆಯಾಯಿತು. ಗಾಳಿ ವಿದ್ಯುತ್ತಿನಲ್ಲಿ ಇಂಧನಕ್ಕೆ ದುಡ್ಡಿಲ್ಲ, ಖರ್ಚೆಲ್ಲ ಬಂಡವಾಳದ್ದು, ಹಾಗಾಗಿ ಬಡ್ಡಿಯೇ ದರ.

2023ರಲ್ಲಿ ಅದೇ ಹರಾಜಿಗೆ ಸಮುದ್ರ ಗಾಳಿಯ ಒಂದೂ ಬಿಡ್ ಬರಲಿಲ್ಲ. ಉಕ್ಕು, ಬಡ್ಡಿ ಎಲ್ಲ ಏರಿದ್ದರೂ ಗರಿಷ್ಠ ದರವನ್ನು 44 ಪೌಂಡ್‌ಗೇ ಕಟ್ಟಿಹಾಕಿದ್ದರು.

ತುಂಗೆದಡ

ಒಪ್ಪಿದೆ, ಆದರೆ ಅದೇ ಬ್ರಿಟನ್ನಿನ ಇನ್ನೊಂದು ಗುರಿ ನೋಡಿ ಸರ್. 2028ರಿಂದ ವರ್ಷಕ್ಕೆ 6 ಲಕ್ಷ ಹೀಟ್ ಪಂಪ್ (ಕರೆಂಟಿನಿಂದ ಮನೆ ಬೆಚ್ಚಗಿಡುವ ಯಂತ್ರ) ಅಂದರು. 2023ರಲ್ಲಿ ಕೂರಿಸಿದ್ದು ಅದರ ಹತ್ತರಲ್ಲೊಂದು ಪಾಲಿನ ಆಸುಪಾಸು. ಹೀಟ್ ಪಂಪ್ 1 ಯೂನಿಟ್ ಕರೆಂಟಿಗೆ 3 ಯೂನಿಟ್ ಶಾಖ ಕೊಡುತ್ತದೆ, ಗ್ಯಾಸ್ ಬಾಯ್ಲರ್ 0.9. ಒಂದು ಯೂನಿಟ್ ಕರೆಂಟಿನ ಬೆಲೆ ಗ್ಯಾಸಿನ ಬೆಲೆಯ 3.3 ಪಟ್ಟಿಗಿಂತ ಕಡಿಮೆ ಇದ್ದರೆ ಮಾತ್ರ ಮನೆಯವನಿಗೆ ಉಳಿತಾಯ. ಅಲ್ಲಿ ಅದು 4 ಪಟ್ಟಿನ ಹತ್ತಿರ. ಈ ಅನುಪಾತ ಸರಿಮಾಡದೆ ಸಂಖ್ಯೆ ಘೋಷಿಸಿ ಏನು ಬಂತು?

ಬಯಲುಸೀಮೆ

ಎಲ್ಲರಿಗೂ ಧನ್ಯವಾದ. ಕರ್ನಾಟಕದ್ದು ಅಂದರೆ ನನ್ನ ತಲೆಗೆ ಬರುವುದು ಐಪಿ ಸೆಟ್, ಅಂದರೆ ರೈತರ ನೀರಾವರಿ ಪಂಪ್. 10 ಎಚ್‌ಪಿವರೆಗೆ ಉಚಿತ ಕರೆಂಟು, ಮೀಟರ್ ಇಲ್ಲ. ಇಲ್ಲಿ ಈ "ಪ್ರಾಯೋಗಿಕ ದಾರಿ" ಹೇಗೆ ಕೆಲಸ ಮಾಡುತ್ತದೆ? ರೈತರಿಗೆ ಬಿಲ್ಲೇ ಇಲ್ಲದಿದ್ದಾಗ ಉಳಿತಾಯದ ಆಸೆ ಹುಟ್ಟುವುದಾದರೂ ಎಲ್ಲಿಂದ?

ಏಳೂವರೆಎಚ್‌ಪಿ

ಸರಿಯಾದ ಜಾಗಕ್ಕೆ ಬಂದಿರಿ. ಇಲ್ಲಿ ಇಂಗಾಲದ ಮಾತೇ ಎತ್ತಬೇಕಿಲ್ಲ. ರೈತರಿಗೆ ಬೇಕಾದದ್ದು ಹಗಲು ಹೊತ್ತಿನ ತ್ರೀ ಫೇಸ್, ಎಸ್ಕಾಂಗೆ (ವಿದ್ಯುತ್ ಸರಬರಾಜು ಕಂಪನಿ) ಬೇಕಾದದ್ದು ಸಬ್ಸಿಡಿ ಹೊರೆ ಇಳಿಯುವುದು.

ಮೊದಲು ಪಂಪಿನ ದಕ್ಷತೆ ಅಳೆಯಿರಿ. ದುಬಾರಿ ಸಾಧನ ಬೇಡ: 200 ಲೀಟರ್ ಡ್ರಮ್, ಗಡಿಯಾರ, ಟಾಂಗ್ ಟೆಸ್ಟರ್ (ತಂತಿಗೆ ಕಚ್ಚಿಸಿ ಕರೆಂಟು ಅಳೆಯುವ ಮೀಟರ್). ಡ್ರಮ್ 50 ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 4 ಲೀಟರ್. ಪಂಪ್ ಓಡುವಾಗಿನ ನೀರಿನ ಮಟ್ಟದಿಂದ ಹೊರಬೀಳುವ ಬಾಯಿಯವರೆಗಿನ ಎತ್ತರ, ಪೈಪಿನ ಘರ್ಷಣೆ ಸೇರಿ 40 ಮೀಟರ್ ಅಂತಿಟ್ಟುಕೊಳ್ಳಿ. ನೀರಿಗೆ ಸೇರಿದ ಶಕ್ತಿ 4 × 9.81 × 40 = 1,570 ವಾಟ್. ಈಗ ಪ್ಯಾನಲ್‌ನಲ್ಲಿ 380 ವೋಲ್ಟ್, 9.5 ಆಂಪಿಯರ್, ಪವರ್ ಫ್ಯಾಕ್ಟರ್ 0.8 ಇದ್ದರೆ ಎಳೆಯುತ್ತಿರುವುದು 1.732 × 380 × 9.5 × 0.8, ಸುಮಾರು 5,000 ವಾಟ್. ದಕ್ಷತೆ 31%. ಹಳ್ಳಿಯಲ್ಲಿ ಎರಡು ಮೂರು ಸಲ ರಿವೈಂಡಿಂಗ್ ಆದ ಮೋಟಾರಿನಲ್ಲಿ ಇದು ಮಾಮೂಲಿ. ಲೋ ವೋಲ್ಟೇಜಿಗೆ ಸುಡದಿರಲಿ ಅಂತ ವೈಂಡಿಂಗ್‌ನವರು ಸುತ್ತು, ತಂತಿಯ ಗೇಜ್ ಬದಲಿಸುತ್ತಾರೆ. ಮೋಟಾರು ಬಾಳುತ್ತದೆ, ಆದರೆ ಕರೆಂಟು ಹೆಚ್ಚು ಕುಡಿಯುತ್ತದೆ.

48% ದಕ್ಷತೆಯ ಸ್ಟಾರ್ ಪಂಪ್ ಇದೇ ನೀರನ್ನು 3,270 ವಾಟ್‌ನಲ್ಲಿ ಎತ್ತುತ್ತದೆ. ವರ್ಷಕ್ಕೆ 1,500 ಗಂಟೆ ಓಡಿದರೆ 7,500 ಯೂನಿಟ್ ಬದಲು 4,900.

ಈಗ ಫೀಡರ್ ಲೆಕ್ಕ. 11 ಕೆವಿ ಕೃಷಿ ಫೀಡರ್ (ಸಬ್‌ಸ್ಟೇಷನ್‌ನಿಂದ ಪಂಪುಗಳಿಗೆ ಹೋಗುವ ಲೈನ್) ಒಂದರಲ್ಲಿ ಇಂಥ 300 ಪಂಪ್ ಇದ್ದರೆ ವರ್ಷಕ್ಕೆ 22.5 ಲಕ್ಷ ಯೂನಿಟ್. ಅದಕ್ಕೆ 1.4 ಮೆಗಾವಾಟ್ ಸೋಲಾರ್ ಬೇಕು. ಪಂಪ್ ಬದಲಿಸಿದ ಮೇಲೆ 14.7 ಲಕ್ಷ, 0.9 ಮೆಗಾವಾಟ್ ಸಾಕು. ಮೆಗಾವಾಟ್‌ಗೆ 4 ಎಕರೆ ಹಿಡಿದರೆ ಎರಡು ಎಕರೆ ಜಮೀನೂ ಉಳಿಯಿತು. ಹಾಗಾಗಿ ಮೊದಲು ಪಂಪ್, ಆಮೇಲೆ ಸೋಲಾರ್. ನಮ್ಮಲ್ಲಿ ನಡೆಯುವುದು ಹೆಚ್ಚಾಗಿ ಇದರ ತಿರುವು ಮುರುವು, ಯಾಕಂದರೆ ಕೃಷಿ ಸೋಲಾರ್‌ಗೆ ಕೇಂದ್ರ ಕೊಡುವ ಕುಸುಮ್ ಯೋಜನೆಯ ಹಣ ಮೆಗಾವಾಟ್ ಲೆಕ್ಕದಲ್ಲಿ ಬರುತ್ತದೆ.

ಕೆಡುವ ಜಾಗಗಳು ಗೊತ್ತಿರಲಿ. 5 ಎಚ್‌ಪಿ ತೆಗೆದು ಅದೇ 5 ಎಚ್‌ಪಿಯ ದಕ್ಷ ಪಂಪ್ ಕೊಟ್ಟರೆ ಕರೆಂಟು ಉಳಿಯುವುದಿಲ್ಲ, ತ್ರೀ ಫೇಸ್ ಸಿಗುವ ಅದೇ ಏಳು ಗಂಟೆಯಲ್ಲಿ ಹೆಚ್ಚು ನೀರು ಬರುತ್ತದೆ, ಬೋರ್ ಬೇಗ ಬತ್ತುತ್ತದೆ. ನೀರು ಅಷ್ಟೇ ಇರುವಂತೆ ಸಣ್ಣ ಎಚ್‌ಪಿ ಕೊಡಬೇಕು. ಆದರೆ "ಬೇಸಿಗೆಯಲ್ಲಿ ನೀರು ಕೆಳಗೆ ಹೋದರೆ 3 ಎಚ್‌ಪಿ ಎತ್ತುತ್ತದಾ?" ಅನ್ನುವ ರೈತರ ಅನುಮಾನ ನ್ಯಾಯವಾದದ್ದು. ಸ್ಟೇಜ್ (ಪಂಪಿನೊಳಗೆ ನೀರನ್ನು ಮೇಲೆ ತಳ್ಳುವ ಹಂತಗಳು) ಆಯ್ಕೆಯನ್ನು ಸೆಪ್ಟೆಂಬರ್‌ನ ಮಟ್ಟಕ್ಕೆ ಅಲ್ಲ, ಏಪ್ರಿಲ್ ಮಟ್ಟಕ್ಕೆ ಮಾಡಬೇಕು. ಮಳೆಗಾಲದಲ್ಲಿ ದಕ್ಷತೆ ಒಂದಿಷ್ಟು ಬಿದ್ದರೂ ಪರವಾಗಿಲ್ಲ.

ಎರಡನೆಯದು ಆಟೋ ಸ್ಟಾರ್ಟರ್. ತ್ರೀ ಫೇಸ್ ಬಂದ ಕ್ಷಣಕ್ಕೆ 300 ಪಂಪೂ ಒಟ್ಟಿಗೆ ಎಳೆಯುತ್ತವೆ, ವೋಲ್ಟೇಜ್ ಕುಸಿಯುತ್ತದೆ, ಟಿಸಿ (ಟ್ರಾನ್ಸ್‌ಫಾರ್ಮರ್) ಸುಡುತ್ತದೆ. ಸ್ಟಾರ್ಟರ್‌ನಲ್ಲಿ ಒಂದರಿಂದ ಹತ್ತು ನಿಮಿಷದವರೆಗೆ ಬೇರೆ ಬೇರೆ ಟೈಮರ್ ಇಟ್ಟರೆ ಸಾಕು. ಟಿಸಿ ಬದಲಿಸುವ ಖರ್ಚಿನ ಮುಂದೆ ಅದು ಏನೇನೂ ಅಲ್ಲ.

ಮೂರನೆಯದನ್ನು ಯೋಜನೆ ಬರೆಯುವವರು ಮರೆಯುತ್ತಾರೆ. ಸೋಲಾರ್ ಘಟಕವನ್ನು ಅದೇ ಕೃಷಿ ಫೀಡರ್‌ನ ನಡುವೆ ಜೋಡಿಸಿದರೆ, ಲೈನ್ ಟ್ರಿಪ್ ಆದಾಗಲೆಲ್ಲ ಇನ್‌ವರ್ಟರ್ ಸುರಕ್ಷತೆಗಾಗಿ ತಾನೂ ನಿಲ್ಲುತ್ತದೆ. ಗಾಳಿ ಮಳೆಗೆ ದಿನಕ್ಕೆ ನಾಲ್ಕು ಸಲ ಟ್ರಿಪ್ ಆಗುವ ಲೈನಿನಲ್ಲಿ ಉತ್ಪಾದನೆ ಸೋರಿಹೋಗುತ್ತದೆ. ಸಬ್‌ಸ್ಟೇಷನ್‌ನ 11 ಕೆವಿ ಬಸ್‌ಗೆ ಪ್ರತ್ಯೇಕ ಲೈನ್ ಎಳೆಯಬೇಕು, ಜಮೀನು ಐದು ಕಿಲೋಮೀಟರ್ ಒಳಗಿರಬೇಕು. ಇಲ್ಲದಿದ್ದರೆ ಲೈನಿನ ಖರ್ಚೇ ದರವನ್ನು ಮೇಲೆತ್ತುತ್ತದೆ.

ಬಿಲ್ ಇಲ್ಲದ ರೈತರಿಗೆ ಆಸೆ ಎಲ್ಲಿಂದ ಅಂದಿರಿ. ಪಂಜಾಬ್ 2018ರಲ್ಲಿ ಪ್ರಯೋಗಕ್ಕಿಳಿದ ದಾರಿ ಇದೆ: ನಿಗದಿತ ಮಿತಿಗಿಂತ ಕಡಿಮೆ ಬಳಸಿದ ಪ್ರತಿ ಯೂನಿಟ್‌ಗೆ ರೈತನ ಖಾತೆಗೆ 4 ರೂಪಾಯಿ. ಉಚಿತ ಕರೆಂಟು ಮುಟ್ಟಲಿಲ್ಲ, ಉಳಿಸಿದ್ದಕ್ಕೆ ಬೆಲೆ ಕಟ್ಟಿತು. ಇದಕ್ಕೆ ಮೀಟರ್ ಬೇಕು, ಆದರೆ ಆ ಮೀಟರಿನಿಂದ ಬಿಲ್ ಬರುವುದಿಲ್ಲ, ದುಡ್ಡು ಬರುತ್ತದೆ. ಕರ್ನಾಟಕದಲ್ಲಿ ಮೀಟರ್ ಅಂದ ಕೂಡಲೇ ಏಳುವ ಗಲಾಟೆಗೆ ಬೇರೆ ಮದ್ದು ಕಾಣುವುದಿಲ್ಲ.

ಶಾಲ್ಮಲಾ

ಪಂಪಿನ ಜೊತೆ ಎಸಿ ಗ್ಯಾಸನ್ನೂ ಸೇರಿಸಿ. 1987ರ ಮಾಂಟ್ರಿಯಲ್ ಒಪ್ಪಂದ (ಓಜೋನ್ ಪದರ ಉಳಿಸಲು ಮಾಡಿದ್ದು) ಗೆದ್ದದ್ದು ಹೆಚ್ಚಿನ ಅನಿಲಗಳಿಗೆ ಬದಲಿ ಸಿಕ್ಕಿದ್ದರಿಂದ, ಬಡ ದೇಶಗಳ ಕಾರ್ಖಾನೆ ಬದಲಿಸಲು ನಿಧಿ ಇದ್ದದ್ದರಿಂದ. ಅದರ ಮೇಲೇ 2016ರ ಕಿಗಾಲಿ ತಿದ್ದುಪಡಿ ನಿಂತಿದೆ: ಭಾರತ 2028ರಲ್ಲಿ ಎಚ್‌ಎಫ್‌ಸಿ (ಎಸಿ, ಫ್ರಿಜ್ಜಿನಲ್ಲಿ ತುಂಬುವ ಅನಿಲಗಳು) ಬಳಕೆ ಏರದಂತೆ ತಡೆದು, 2032ರಿಂದ ಇಳಿಸುತ್ತಾ 2047ಕ್ಕೆ 85% ಕಡಿತಕ್ಕೆ ಬರಬೇಕು. ಇದೂ ಗುರಿಯೇ, ಆದರೆ ವಸ್ತುವಿನ ಮೇಲೆ, ತಯಾರಕರ ಬಾಗಿಲಿನಲ್ಲಿ. ಥೇಮ್ಸ್‌ಕನ್ನಡಿಗರು ಹೇಳುವ ಹಲ್ಲು ಇಂಥ ಕಡೆ ಚೆನ್ನಾಗಿ ಕಚ್ಚುತ್ತದೆ.

ಆರ್‌-410ಎ ಒಂದು ಕಿಲೋ ಗಾಳಿಗೆ ಬಿಟ್ಟರೆ 2,088 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮ. ನಮ್ಮ ಗ್ರಿಡ್‌ನ ಯೂನಿಟ್‌ಗೆ 0.72 ಕಿಲೋ ಹಿಡಿದರೆ 2,900 ಯೂನಿಟ್. ಒಂದೂವರೆ ಟನ್ ಎಸಿಯ ಎರಡು ಮೂರು ವರ್ಷದ ಕರೆಂಟು. ಆರ್‌-32 ಆದರೆ 675, ಪ್ರೊಪೇನ್ ಆದ ಆರ್‌-290 ಆದರೆ ಬರೀ 3.

ಸೋರುವುದು ಹೆಚ್ಚಾಗಿ ಪೈಪು ಜೋಡಿಸುವ ಫ್ಲೇರ್ ನಟ್‌ನಲ್ಲಿ. ಸೋರಿಕೆ ಹುಡುಕದೆ "ಗ್ಯಾಸ್ ಟಾಪ್‌ಅಪ್" ಮಾಡುವುದೇ ನಮ್ಮ ರೂಢಿ. ಸರಿಯಾದ ಕ್ರಮ: ಉಳಿದ ಗ್ಯಾಸನ್ನು ರಿಕವರಿ ಯಂತ್ರದಿಂದ ಸಿಲಿಂಡರಿಗೆ ಎಳೆಯುವುದು (80%ಕ್ಕಿಂತ ಹೆಚ್ಚು ತುಂಬಬಾರದು), ನೈಟ್ರೋಜನ್ ಒತ್ತಡ ಕೊಟ್ಟು ಸೋಪಿನ ನೀರು ಹಚ್ಚಿ ನೋಡುವುದು, ನಟ್ ಸರಿಮಾಡುವುದು, 500 ಮೈಕ್ರಾನ್‌ವರೆಗೆ ವ್ಯಾಕ್ಯೂಮ್, ಆಮೇಲೆ ತೂಕ ಮಾಡಿ ತುಂಬುವುದು. ಇದಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಕು, ಟಾಪ್‌ಅಪ್‌ಗೆ ಹದಿನೈದು ನಿಮಿಷ, ಗಿರಾಕಿ ಕೊಡುವುದು ಎರಡಕ್ಕೂ ಒಂದೇ ದುಡ್ಡು. ಹೀಗೆ ಎಳೆದು ವಾಪಸ್ ತಂದ ಗ್ಯಾಸಿಗೆ ಕಿಲೋ ಲೆಕ್ಕದಲ್ಲಿ ಅಂಗಡಿಯವ ಹಣ ಕೊಡುವ ವ್ಯವಸ್ಥೆ ಬಂದರೆ ಮೆಕ್ಯಾನಿಕ್ ತಾನೇ ರಿಕವರಿ ಯಂತ್ರ ಕೊಳ್ಳುತ್ತಾನೆ. ಒಂದು ಎಚ್ಚರಿಕೆ: ಹಳೆಯ ಆರ್‌-22 ಎಸಿಗೆ ಆರ್‌-290 ತುಂಬಿಸುವವರಿದ್ದಾರೆ. ಆ ಯಂತ್ರದ ಸ್ವಿಚ್ಚು, ರಿಲೇ ಉರಿಯುವ ಅನಿಲಕ್ಕೆ ಮಾಡಿದ್ದಲ್ಲ. ಮಾಡಬೇಡಿ.

ಬಯಲುಸೀಮೆ

ಏಳೂವರೆಎಚ್‌ಪಿ ಅವರೇ, ಕೊನೆಯದೊಂದು. ಮೀಟರ್ ಹಾಕಲು ರೈತರು ಒಪ್ಪುವವರೆಗೆ ಉಳಿತಾಯ ಆಯಿತೋ ಇಲ್ಲವೋ ಎಂದು ತೋರಿಸುವುದು ಹೇಗೆ? ಮಳೆ ಚೆನ್ನಾಗಿ ಬಂದರೂ ಯೂನಿಟ್ ಇಳಿಯುತ್ತದಲ್ಲ.

ಏಳೂವರೆಎಚ್‌ಪಿ

ಅದಕ್ಕೇ ಒಂದೇ ಫೀಡರ್ ನೋಡಬಾರದು. ನಿರಂತರ ಜ್ಯೋತಿ ಯೋಜನೆಯಲ್ಲಿ ಕೃಷಿ ಫೀಡರ್ ಬೇರ್ಪಟ್ಟ ಕಡೆ ಸಬ್‌ಸ್ಟೇಷನ್ನಿನಲ್ಲೇ 11 ಕೆವಿ ಮೀಟರ್ ಇದೆ. ಅದೇ ಸಬ್‌ಸ್ಟೇಷನ್ನಿನ, ಅದೇ ಬೆಳೆಯ, ಪಂಪ್ ಬದಲಿಸದ ಪಕ್ಕದ ಫೀಡರನ್ನು ಜೋಡಿಯಾಗಿ ಇಟ್ಟುಕೊಳ್ಳಿ. ಎರಡಕ್ಕೂ ಮಳೆ ಒಂದೇ. ಕೆಲಸಕ್ಕೆ ಮುಂಚಿನ ಪೂರ್ತಿ ಒಂದು ವರ್ಷ, ಆಮೇಲಿನ ಒಂದು ವರ್ಷ, ಎರಡೂ ಫೀಡರಿನ ತಿಂಗಳವಾರು ಯೂನಿಟ್ ಬರೆದು ಪ್ರತಿ ಫೀಡರಿನ ಮುಂಚಿನ–ಆಮೇಲಿನ ವ್ಯತ್ಯಾಸ ಕಂಡುಕೊಂಡು, ಒಂದರ ವ್ಯತ್ಯಾಸದಿಂದ ಇನ್ನೊಂದರದ್ದನ್ನು ಕಳೆಯಿರಿ. ಯೂನಿಟ್ ಮಾತ್ರ ಸಾಲದು, ತ್ರೀ ಫೇಸ್ ಕೊಟ್ಟ ಗಂಟೆಗಳನ್ನೂ ಲಾಗ್ ಪುಸ್ತಕದಿಂದ ತೆಗೆದುಕೊಂಡು ಗಂಟೆಗೆ ಎಷ್ಟು ಯೂನಿಟ್ ಎಂದು ಭಾಗಿಸಿ. ಸರಬರಾಜು ಏಳರ ಬದಲು ಐದು ಗಂಟೆ ಆಗಿದ್ದರೆ ಅದನ್ನು ಉಳಿತಾಯ ಅಂತ ಬರೆದುಕೊಳ್ಳುವವರು ಇದ್ದಾರೆ.

ಲೈನ್ ಲಾಸ್ ಬೇರ್ಪಡಿಸಲು ಹತ್ತು ಟಿಸಿಗೆ ಮಾದರಿ ಮೀಟರ್ ಹಾಕಿ. ಟಿಸಿ ಮೀಟರಿಗೆ ರೈತರ ವಿರೋಧ ಇರುವುದಿಲ್ಲ, ಅದು ಯಾರ ಹೆಸರಿನಲ್ಲೂ ಇಲ್ಲ. ಐಪಿ ಸೆಟ್ ಬಳಕೆ ಅಂದಾಜಿನದ್ದಾಗಿರುವಷ್ಟು ದಿನ ಕಳ್ಳತನ, ಲಾಸ್ ಎಲ್ಲವನ್ನೂ ರೈತರ ಲೆಕ್ಕಕ್ಕೆ ಜಮಾ ಮಾಡಬಹುದು. ಆದ್ದರಿಂದ ಈ ಹತ್ತು ಮೀಟರಿಗೆ ತಕರಾರು ಬಂದರೆ ಅದು ಹೊಲದ ಕಡೆಯಿಂದ ಬರುವುದಿಲ್ಲ, ಆಫೀಸಿನ ಕಡೆಯಿಂದ ಬರುತ್ತದೆ.